ಗಂಟಿನ ಸ್ಕ್ಯಾನಿಂಗ್ ಮತ್ತು ಉದುರಿಹೋಗುವ ಪ್ರಶ್ನೆ ಗುರುತು

ಮೈಮೇಲಿನ ಗಂಟಿಗೆ ಮಾಡಿಸಿದ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ರಿಪೋರ್ಟನ್ನು ಎಂದಾದರೂ ಕೈಯಲ್ಲಿ ಹಿಡಿದಿದ್ದರೆ, ಅದರ ಕೊನೆಯ ಸಾಲು ನಿಮಗೆ ನೆನಪಿರಬಹುದು. 'ಇಂಪ್ರೆಶನ್' ಎಂದು ಬರೆದಿರುತ್ತದೆ. ಆಮೇಲೆ ಒಂದು ಪ್ರಶ್ನೆ ಗುರುತು. ಅದರ ಪಕ್ಕದಲ್ಲಿ 'ಲೈಪೋಮ'. ಲೈಪೋಮ ಅಂದರೆ ಕೊಬ್ಬಿನ ಗಂಟು. ಆ ಪ್ರಶ್ನೆ ಗುರುತಿಗೂ ಒಂದು ಅರ್ಥ ಇದೆ: ಹೀಗಿರಬಹುದು, ಆದರೆ ಖಾತ್ರಿ ಇಲ್ಲ. ಹಾಳೆ ಸ್ಕ್ಯಾನಿಂಗ್ ಸೆಂಟರಿನಿಂದ ಡಾಕ್ಟರ ಮೇಜಿಗೆ ಹೋಗುತ್ತದೆ. ಮೇಜಿನಿಂದ ಮನೆಯವರ ಬಾಯಿಗೆ ಬರುತ್ತದೆ. ಅಷ್ಟರಲ್ಲಿ ಪ್ರಶ್ನೆ ಗುರುತು ದಾರಿಯಲ್ಲೆಲ್ಲೋ ಉದುರಿಹೋಗಿರುತ್ತದೆ. 'ಏನೂ ಇಲ್ವಂತೆ, ಬರೀ ಕೊಬ್ಬಿನ ಗಂಟಂತೆ' ಎಂಬ ಮಾತಷ್ಟೇ ಉಳಿಯುತ್ತದೆ.

ಬಹುತೇಕ ಸಲ ಆ ಮಾತು ನಿಜವೇ. ಮೈಯಲ್ಲಿ ಏಳುವ ಗಂಟುಗಳಲ್ಲಿ ಕ್ಯಾನ್ಸರ್ ಆಗಿರುವುದು ತೀರಾ ಕಡಿಮೆ. ಆದರೆ ನಿಜವಲ್ಲದ ಆ ಕೆಲವು ಸಲ ಬೆಲೆ ತೆರುವವರು ಯಾರು ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನಮ್ಮ ಸೋದರಮಾವನ ತೊಡೆಯಲ್ಲಿ ಒಂದು ಗಂಟಿತ್ತು. ನೋವಿರಲಿಲ್ಲ. ನೋವಿಲ್ಲ ಅಂತಲೇ ವರ್ಷ ತಳ್ಳಿದರು. ಪಂಚೆ ಉಡುವಾಗ ಕೈಗೆ ಸಿಗುತ್ತಿತ್ತು, ಅಷ್ಟೆ. ಮೊದಲು ಅಡಿಕೆಯಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಯಿತು, ಕೊನೆಗೆ ಕಿತ್ತಳೆಯಷ್ಟಾಯಿತು. ತಾಲ್ಲೂಕಿನಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಪ್ರಶ್ನೆ ಗುರುತಿನ ಜೊತೆ ಲೈಪೋಮ ಎಂದು ಬಂತು. ಒಂದು ನರ್ಸಿಂಗ್ ಹೋಮಿನಲ್ಲಿ ಅರ್ಧ ದಿನದಲ್ಲಿ ತೆಗೆದು, ಹೊಲಿಗೆ ಹಾಕಿ ಕಳಿಸಿದರು. ತೆಗೆದ ಗಂಟು ಲ್ಯಾಬಿಗೆ ಹೋಗಲೇ ಇಲ್ಲ. ಎಂಟು ತಿಂಗಳಲ್ಲಿ ಅದೇ ಹೊಲಿಗೆಯ ಕೆಳಗೆ ಮತ್ತೆ ಉಬ್ಬಿತು. ಆಗ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಎಂಆರ್‌ಐ, ಗಂಟಿನ ಚೂರು ತೆಗೆದು ಲ್ಯಾಬಿನಲ್ಲಿ ನೋಡುವ ಬಯಾಪ್ಸಿ ಎಲ್ಲ ಆದ ಮೇಲೆ ಆ ಕಾಯಿಲೆಯ ಹೆಸರು ಮೊದಲ ಸಲ ನಮ್ಮ ಕಿವಿಗೆ ಬಿತ್ತು. ಸಾರ್ಕೋಮ.

ನಾನು ಡಾಕ್ಟರ್ ಅಲ್ಲ. ಆ ಹೆಸರು ಕೇಳಿದ ದಿನದಿಂದ ಓದುತ್ತಾ, ತಿಳಿದವರನ್ನು ಕೇಳುತ್ತಾ ಬಂದಿದ್ದೇನೆ. ಓದಿದಷ್ಟೂ ಒಂದು ವಿಷಯ ಗಟ್ಟಿಯಾಯಿತು. ಮಾವನ ವಿಷಯದಲ್ಲಿ ಮಿಷನ್ ಸುಳ್ಳು ಹೇಳಿರಲಿಲ್ಲ. 'ಗೊತ್ತಿಲ್ಲ' ಎಂದೇ ಹೇಳಿತ್ತು. ಅದನ್ನು ನಾವು ಯಾರೂ ಕೇಳಿಸಿಕೊಳ್ಳಲಿಲ್ಲ. ಹಾಗಾಗಿ ಇಂಥ ಕ್ಯಾನ್ಸರ್‌ಗಳ ಅಲ್ಟ್ರಾಸೌಂಡ್ ಪತ್ತೆ ಸುಧಾರಿಸಬೇಕು ಅಂದರೆ, ಹೊಸ ಮಿಷನ್ ತರುವ ಮೊದಲು ಸ್ಕ್ಯಾನಿಗೆ ಕಳಿಸುವ ಚೀಟಿಯನ್ನೂ ಸ್ಕ್ಯಾನಿನಿಂದ ಬರುವ ಕೊನೆಯ ಸಾಲನ್ನೂ ಸರಿಮಾಡಬೇಕು ಎಂದು ನನಗೆ ಅನ್ನಿಸುತ್ತದೆ.

ಅಪರೂಪ ಅನ್ನುವುದೇ ಇಲ್ಲಿನ ಕಷ್ಟ

ಮಾಂಸಖಂಡ, ಕೊಬ್ಬು, ರಕ್ತನಾಳ, ನರದ ಹೊದಿಕೆ ಇವೆಲ್ಲ ಸೇರಿ ಮೆದು ಅಂಗಾಂಶ. ಇವುಗಳಲ್ಲಿ ಹುಟ್ಟುವ ಕ್ಯಾನ್ಸರಿಗೆ ಸಾಫ್ಟ್ ಟಿಶ್ಯೂ ಸಾರ್ಕೋಮ ಎನ್ನುತ್ತಾರೆ. ದೊಡ್ಡವರಿಗೆ ಬರುವ ಎಲ್ಲ ಕ್ಯಾನ್ಸರ್‌ಗಳಲ್ಲಿ ಇದು ಸುಮಾರು ಶೇ. 1 ಮಾತ್ರ. ಮಕ್ಕಳಲ್ಲಿ ಇದರ ಪಾಲು ಜಾಸ್ತಿ. ಇದು ಒಂದೇ ಕಾಯಿಲೆಯೂ ಅಲ್ಲ. 50ಕ್ಕೂ ಹೆಚ್ಚು ಬಗೆಗಳಿವೆ. ಹೆಚ್ಚಾಗಿ ತೊಡೆಯಲ್ಲಿ ಕಾಣಿಸಿಕೊಳ್ಳುತ್ತದೆ. ಹರಡಿದರೆ ಸಾಮಾನ್ಯವಾಗಿ ಮೊದಲು ಹೋಗುವುದು ಶ್ವಾಸಕೋಶಕ್ಕೆ.

ಇನ್ನೊಂದು ಕಡೆ, ಅಪಾಯವಿಲ್ಲದ ಗಂಟುಗಳು ಇದರ ನೂರು ಪಟ್ಟಿಗಿಂತ ಜಾಸ್ತಿ. ಕೊಬ್ಬಿನ ಗಂಟೇ ಅದರಲ್ಲಿ ದೊಡ್ಡ ಪಾಲು. ಊರಿನ ಡಾಕ್ಟರೊಬ್ಬರು ಇಡೀ ಜೀವಮಾನದಲ್ಲಿ ಇಂಥ ಕ್ಯಾನ್ಸರನ್ನು ಒಂದೋ ಎರಡೋ ಸಲ ನೋಡಬಹುದು. ನೋಡದೆಯೂ ಇರಬಹುದು. ನೂರು ಸಲ 'ಏನಿಲ್ಲ' ಅಂದದ್ದು ಸರಿಯಾದರೆ ನೂರಾಒಂದನೇ ಸಲವೂ ಬಾಯಿಗೆ ಅದೇ ಮಾತು ಬರುತ್ತದೆ. ಇದನ್ನು ಅಸಡ್ಡೆ ಅಂತ ನಾನು ಕರೆಯುವುದಿಲ್ಲ. ಮನುಷ್ಯರ ಅನುಭವ ಕೆಲಸ ಮಾಡುವುದೇ ಹಾಗೆ. ಅದಕ್ಕೇ ಇಲ್ಲಿ ಒಬ್ಬರ ಅನುಭವದ ಮೇಲೆ ಭಾರ ಹಾಕದೆ ಒಂದು ಪದ್ಧತಿ ಬೇಕು.

ಮೊದಲ ಸಲವೇ ಸರಿಯಾಗಿ ಗುರುತಿಸುವುದು ಯಾಕೆ ಅಷ್ಟು ಮುಖ್ಯ? ಸಾರ್ಕೋಮವನ್ನು ಕೊಬ್ಬಿನ ಗಂಟಿನ ಹಾಗೆ ಸುಲಿದು ತೆಗೆಯುವಂತಿಲ್ಲ. ಸುತ್ತಲಿನ ಒಂದಷ್ಟು ಒಳ್ಳೆಯ ಮಾಂಸವನ್ನೂ ಸೇರಿಸಿ, ಗಂಟು ಒಡೆಯದಂತೆ ಇಡಿಯಾಗಿ ತೆಗೆಯಬೇಕು. ಲೈಪೋಮ ಎಂದುಕೊಂಡು ಸುಲಿದು ತೆಗೆದರೆ ಕ್ಯಾನ್ಸರಿನ ಚೂರು ಹಿಂದೆ ಉಳಿದುಬಿಡುತ್ತದೆ. ಆಪರೇಷನ್ನಿನ ರಕ್ತದ ಜೊತೆ ಅದು ಸುತ್ತಲಿನ ಪದರಗಳಿಗೂ ಹರಿದಿರುತ್ತದೆ. ಎರಡನೇ ಸಲ ಕತ್ತರಿಸುವಾಗ ಹಳೆಯ ಗಾಯದ ಜಾಗ ಪೂರ್ತಿ ತೆಗೆಯಬೇಕು. ಚರ್ಮ ಸಾಲದೆ ಬೇರೆ ಕಡೆಯಿಂದ ತಂದು ಹಚ್ಚಬೇಕಾಗಬಹುದು.

ಮೊದಲೇ ಗೊತ್ತಾದರೆ ಕಾಲು ಉಳಿಸಿಕೊಂಡೇ ಚಿಕಿತ್ಸೆ ಕೊಡಬಹುದು. ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನ ಡಾಕ್ಟರುಗಳು 1982ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಅಡಿಪಾಯ. ಅದರಲ್ಲಿದ್ದವರು 43 ಜನ. ಕೆಲವರಿಗೆ ಕೈಯನ್ನೋ ಕಾಲನ್ನೋ ಕತ್ತರಿಸಿದರು. ಉಳಿದವರಿಗೆ ಗಂಟನ್ನು ಮಾತ್ರ ಅಗಲವಾಗಿ ತೆಗೆದು ರೇಡಿಯೇಷನ್ ಕೊಟ್ಟರು. ಎರಡೂ ಗುಂಪಿನವರು ಬದುಕುಳಿದ ಲೆಕ್ಕ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಲ್ಲಿಯವರೆಗೆ ಕಾಲು ತೆಗೆಯುವುದೇ ದಾರಿ ಎಂದು ನಂಬಿದ್ದರು. ಆದರೆ ಕಾಲು ಉಳಿಸುವ ಆಪರೇಷನ್ನಿಗೆ ಮೊದಲೇ ಲೆಕ್ಕ ಹಾಕಿರಬೇಕು. ಏನನ್ನು ಕತ್ತರಿಸುತ್ತಿದ್ದೇವೆ ಅನ್ನುವುದು ಚಾಕು ಹಿಡಿಯುವ ಮುಂಚೆ ಗೊತ್ತಿರಬೇಕು. ಅಲ್ಲಿಗೆ ಕರೆದುಕೊಂಡು ಹೋಗುವ ಮೊದಲ ಮೆಟ್ಟಿಲೇ ಅಲ್ಟ್ರಾಸೌಂಡ್.

ಬಾಯ್ಲರ್ ಕಾರ್ಖಾನೆಯಿಂದ ಬಂದ ಕಣ್ಣು

ಅಲ್ಟ್ರಾಸೌಂಡ್ ಅಂದ ಕೂಡಲೇ ನಮಗೆ ನೆನಪಾಗುವುದು ಬಸುರಿಯರ ಸ್ಕ್ಯಾನಿಂಗ್. ಆದರೆ ಆ ದಾರಿ ಶುರುವಾದದ್ದೇ ಗಂಟಿನಿಂದ. ಇಯಾನ್ ಡೊನಾಲ್ಡ್ ಗ್ಲಾಸ್ಗೋದಲ್ಲಿ ಹೆರಿಗೆ ಮತ್ತು ಸ್ತ್ರೀರೋಗದ ಪ್ರೊಫೆಸರ್ ಆಗಿದ್ದರು. ಹತ್ತಿರದ ರೆನ್‌ಫ್ರೂನಲ್ಲಿ ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಎಂಬ ಬಾಯ್ಲರ್ ಕಂಪನಿ ಇತ್ತು. ಲೋಹದ ಬೆಸುಗೆಯ ಒಳಗೆ ಬಿರುಕು ಇದೆಯೇ ಎಂದು ಶಬ್ದದ ಅಲೆ ಕಳಿಸಿ ನೋಡುವ ಯಂತ್ರ ಅಲ್ಲಿತ್ತು. 1955ರಲ್ಲಿ ಡೊನಾಲ್ಡ್ ಆಪರೇಷನ್ನಿನಲ್ಲಿ ತೆಗೆದ ಗರ್ಭಕೋಶದ ಗಡ್ಡೆಗಳನ್ನೂ ನೀರುಗುಳ್ಳೆಗಳನ್ನೂ ಕಾರಿನಲ್ಲಿ ತುಂಬಿಕೊಂಡು ಅಲ್ಲಿಗೆ ಹೋದರು. ಹೋಲಿಸಿ ನೋಡಲು ಕಂಪನಿಯವರು ಒಂದು ತುಂಡು ದನದ ಮಾಂಸ ಕೊಟ್ಟರು. ಗಟ್ಟಿ ಗಡ್ಡೆಯಿಂದ ಬರುವ ಪ್ರತಿಧ್ವನಿ ಒಂದು ಥರ ಇತ್ತು, ನೀರು ತುಂಬಿದ್ದರದ್ದು ಇನ್ನೊಂದು ಥರ.

ಆಮೇಲೆ ಒಬ್ಬ ಹೆಂಗಸಿನ ಸರದಿ ಬಂತು. ಹೊಟ್ಟೆಯ ಕ್ಯಾನ್ಸರ್ ಆಗಿದೆ, ಆಪರೇಷನ್ನಿಗೂ ಆಗುವ ಹಾಗಿಲ್ಲ ಎಂದು ಆಕೆಯ ವಿಷಯದಲ್ಲಿ ತೀರ್ಮಾನ ಆಗಿತ್ತು. ಯಂತ್ರ ಇಟ್ಟು ನೋಡಿದರೆ ಒಳಗಿದ್ದದ್ದು ಅಂಡಾಶಯದ ದೊಡ್ಡ ನೀರುಗುಳ್ಳೆ. ತೆಗೆದರು, ಆಕೆ ಉಳಿದರು. ಈ ಕೆಲಸವನ್ನೆಲ್ಲ ಡೊನಾಲ್ಡ್ ಮತ್ತು ಅವರ ಜೊತೆಯವರು 1958ರ ಜೂನ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಆಗ ಆ ಯಂತ್ರಕ್ಕೆ ಕೇಳಿದ್ದು ಒಂದೇ ಪ್ರಶ್ನೆ. ಒಳಗಿರುವುದು ನೀರೋ, ಮಾಂಸವೋ? ಇಂದಿಗೂ ಅಲ್ಟ್ರಾಸೌಂಡ್ ಅತ್ಯಂತ ಧೈರ್ಯವಾಗಿ ಉತ್ತರ ಕೊಡುವುದು ಈ ಪ್ರಶ್ನೆಗೇ. ಒಳಗಿರುವುದು ಮಾಂಸ ಅಂತಾದರೆ ಯಾವ ಥರದ್ದು, ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಿದಾಗ ಅದರ ದನಿ ತಗ್ಗುತ್ತದೆ.

ಯಾಕೆ ಅಂತ ತಿಳಿಯಲು ಸ್ವಲ್ಪ ಒಳಗೆ ಹೋಗೋಣ. ಚರ್ಮದ ಮೇಲೆ ಇಟ್ಟು ಆಡಿಸುವ ಉಪಕರಣಕ್ಕೆ ಪ್ರೋಬ್ ಎನ್ನುತ್ತಾರೆ. ಅದರಿಂದ ಹೊರಟ ಶಬ್ದದ ಅಲೆ ಮೈಯೊಳಗೆ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಓಡುತ್ತದೆ. ಒಂದು ಪದರದಿಂದ ಇನ್ನೊಂದಕ್ಕೆ ದಾಟುವ ಕಡೆ ಒಂದಷ್ಟು ಭಾಗ ವಾಪಸ್ ಬರುತ್ತದೆ. ಆ ಪ್ರತಿಧ್ವನಿಗಳಿಂದಲೇ ಚಿತ್ರ ಆಗುತ್ತದೆ. 10 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 0.15 ಮಿಲಿಮೀಟರ್. ಹಾಗಾಗಿ ತೀರಾ ಸಣ್ಣ ಗೆರೆಯೂ ಕಾಣುತ್ತದೆ. ಆದರೆ ಅಷ್ಟು ಸೂಕ್ಷ್ಮವಾದ ಅಲೆ ಆಳಕ್ಕೆ ಇಳಿಯುವ ಹೊತ್ತಿಗೆ ಸೊರಗಿಹೋಗುತ್ತದೆ. 3 ಮೆಗಾಹರ್ಟ್ಸ್ ಅಲೆ ಆಳಕ್ಕೆ ಹೋಗುತ್ತದೆ, ಆದರೆ ಅದರ ಕಣ್ಣು ಮಂದ. ಚರ್ಮದ ಕೆಳಗಿನ ಗಂಟಿಗೆ ಚಪ್ಪಟೆ ಮುಖದ ಲೀನಿಯರ್ ಪ್ರೋಬ್ ಬೇಕು. ತೊಡೆಯ ಒಳಗಿನ ದೊಡ್ಡ ಗಡ್ಡೆಯ ತಳ ನೋಡಲು ಹೊಟ್ಟೆಗೆ ಬಳಸುವ ಬಾಗಿದ ಪ್ರೋಬೂ ಬೇಕಾಗುತ್ತದೆ. ಒಂದೇ ಪ್ರೋಬಿನಲ್ಲಿ ನೋಡಿ ಮುಗಿಸಿದರೆ ಒಂದೋ ತಳ ಕಾಣುವುದಿಲ್ಲ, ಇಲ್ಲವೇ ಮೇಲ್ಭಾಗದ ವಿವರ ಸಿಗುವುದಿಲ್ಲ.

ಕೈ ತಪ್ಪುವ ಜಾಗಗಳು

ಎಂಆರ್‌ಐ ಚಿತ್ರವನ್ನು ಬೇರೆ ಊರಿನ ತಜ್ಞರಿಗೂ ಕಳಿಸಿ ಓದಿಸಬಹುದು. ಅಲ್ಟ್ರಾಸೌಂಡ್ ಹಾಗಲ್ಲ. ಪ್ರೋಬ್ ಹಿಡಿದ ಕೈ ಏನು ಹುಡುಕಿತೋ ಅದೇ ಚಿತ್ರವಾಗಿ ಉಳಿಯುತ್ತದೆ. ಹಾಗಾಗಿ ಕೈ ಎಲ್ಲೆಲ್ಲಿ ತಪ್ಪುತ್ತದೆ ಅನ್ನುವುದನ್ನು ಬಿಡಿಸಿ ನೋಡಲೇಬೇಕು.

ಮೊದಲನೆಯದು ತೀರಾ ಸರಳ, ಕೈಯ ಒತ್ತಡ. ಗಂಟಿನೊಳಗೆ ರಕ್ತ ಓಡುತ್ತಿದೆಯೇ ಎಂದು ಡಾಪ್ಲರ್ ಹಾಕಿ ನೋಡುತ್ತಾರೆ. ಅಡ್ಡಾದಿಡ್ಡಿ ರಕ್ತನಾಳಗಳು ಜಾಸ್ತಿ ಇದ್ದರೆ ಅನುಮಾನ ಹೆಚ್ಚುತ್ತದೆ. ಆದರೆ ಪ್ರೋಬನ್ನು ಗಟ್ಟಿಯಾಗಿ ಒತ್ತಿದರೆ ಆ ಸಣ್ಣ ನಾಳಗಳು ಅಪ್ಪಚ್ಚಿಯಾಗಿ ರಕ್ತವೇ ಕಾಣುವುದಿಲ್ಲ. ದೊಡ್ಡ ರಕ್ತನಾಳಕ್ಕೆ ಇಟ್ಟ ಸೆಟ್ಟಿಂಗಿನಲ್ಲೇ ನೋಡಿದರೂ ನಿಧಾನವಾಗಿ ಹರಿಯುವ ರಕ್ತ ತಪ್ಪಿಹೋಗುತ್ತದೆ. ರಿಪೋರ್ಟಿನಲ್ಲಿ 'ರಕ್ತದ ಹರಿವು ಇಲ್ಲ' ಎಂದು ಬರುತ್ತದೆ. ಜಾಸ್ತಿ ಜೆಲ್ ಹಾಕಿ, ಪ್ರೋಬನ್ನು ಚರ್ಮದ ಮೇಲೆ ತೇಲಿಸಿದ ಹಾಗೆ ಹಿಡಿದು, ನಿಧಾನ ಹರಿವಿಗೆ ಸೆಟ್ಟಿಂಗ್ ಇಳಿಸಿ ನೋಡಿದರೆ ಅದೇ ಗಂಟು ಬೇರೆ ಕಥೆ ಹೇಳಬಹುದು. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಎರಡನೆಯದು ಆಳ. ಚರ್ಮ, ಅದರ ಕೆಳಗೆ ಕೊಬ್ಬು, ಅದರ ಕೆಳಗೆ ಮಾಂಸಖಂಡವನ್ನು ಸುತ್ತಿಕೊಂಡ ಬಿಳಿ ಪೊರೆ. ಈ ಪೊರೆಗೆ ಫೇಸಿಯಾ ಎನ್ನುತ್ತಾರೆ. ಗಂಟು ಪೊರೆಯ ಮೇಲಿದೆಯೋ ಕೆಳಗಿದೆಯೋ ಅನ್ನುವುದು ಸಣ್ಣ ವಿವರ ಅಲ್ಲ. ಪೊರೆಯ ಕೆಳಗಿದ್ದರೆ ಎಚ್ಚರ ಎರಡರಷ್ಟಾಗಬೇಕು. ಅಲ್ಟ್ರಾಸೌಂಡಿನಲ್ಲಿ ಆ ಪೊರೆ ಬೆಳ್ಳಗಿನ ಗೆರೆಯಾಗಿ ಚೆನ್ನಾಗಿಯೇ ಕಾಣುತ್ತದೆ. ಆದರೂ ಎಷ್ಟೋ ರಿಪೋರ್ಟುಗಳಲ್ಲಿ ಉದ್ದ, ಅಗಲ ಇರುತ್ತದೆ, ಪೊರೆಯ ಮಾತೇ ಇರುವುದಿಲ್ಲ. ಮಾವನ ಹಳೆಯ ರಿಪೋರ್ಟನ್ನು ಮತ್ತೆ ತೆಗೆದು ಓದಿದೆ. ಅದರಲ್ಲಿಯೂ ಇರಲಿಲ್ಲ.

ಮೂರನೆಯದು ನನ್ನನ್ನು ಜಾಸ್ತಿ ಕಾಡಿದ್ದು. ನೀರಿನ ಹಾಗೆ ಕಾಣುವ ಕ್ಯಾನ್ಸರ್. ಕೆಲವು ಸಾರ್ಕೋಮಗಳ ಒಳಗೆ ಲೋಳೆಯಂಥ ದ್ರವ್ಯ ತುಂಬಿರುತ್ತದೆ. ಶಬ್ದ ಅದರೊಳಗೆ ತಡೆಯಿಲ್ಲದೆ ಸಾಗುತ್ತದೆ. ಪರದೆಯ ಮೇಲೆ ಕಪ್ಪಗೆ, ಹಿಂದೆ ಬೆಳ್ಳಗೆ, ಥೇಟ್ ನೀರುಗುಳ್ಳೆಯ ಹಾಗೆ. ಮೊಣಕಾಲಿನ ಹಿಂದೆ ಬರುವ ಬೇಕರ್ಸ್ ಸಿಸ್ಟ್, ಮಣಿಕಟ್ಟಿನ ಗ್ಯಾಂಗ್ಲಿಯನ್ ಇವು ಅಪಾಯವಿಲ್ಲದ ನೀರಿನ ಗಂಟುಗಳು. ಸೈನೋವಿಯಲ್ ಸಾರ್ಕೋಮ ಕೆಲವೊಮ್ಮೆ ಇವುಗಳ ವೇಷದಲ್ಲೇ ಬರುತ್ತದೆ. ಅದು ಹರೆಯದವರಲ್ಲೂ ಬರುತ್ತದೆ, ಕೆಲವರಲ್ಲಿ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. 'ನಿಧಾನವಾಗಿ ಬೆಳೆಯುತ್ತಿದೆ, ಹಾಗಾಗಿ ಹೆದರಬೇಕಿಲ್ಲ' ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಿಜವಾದ ಬೇಕರ್ಸ್ ಸಿಸ್ಟಿಗೆ ಮೊಣಕಾಲ ಕೀಲಿನ ಜೊತೆ ಒಂದು ಕತ್ತಿನ ಸಂಪರ್ಕ ಇರುತ್ತದೆ. ಆ ಕತ್ತನ್ನು ಹುಡುಕಿ ತೋರಿಸಬೇಕು. ಸಿಗದಿದ್ದರೆ ಸಿಸ್ಟ್ ಎಂದು ಬರೆದು ಮುಗಿಸಬಾರದು.

ಹೆಪ್ಪುಗಟ್ಟಿದ ರಕ್ತ ಇನ್ನೊಂದು ಮರೆ. ಹೊಲದಲ್ಲಿ ಬಿದ್ದರು, ಬೈಕಿನಿಂದ ಬಿದ್ದರು, ತೊಡೆ ಊದಿದೆ ಎಂದು ಬರುತ್ತಾರೆ. ಸ್ಕ್ಯಾನಿನಲ್ಲಿ ರಕ್ತಗಡ್ಡೆ ಎಂದು ಕಾಣುತ್ತದೆ. ಎಷ್ಟೋ ಸಲ ಏಟು ಗಂಟನ್ನು ಹುಟ್ಟಿಸಿರುವುದಿಲ್ಲ, ಇದ್ದ ಗಂಟಿನ ಕಡೆ ಗಮನ ಸೆಳೆದಿರುತ್ತದೆ ಅಷ್ಟೆ. ಸಾರ್ಕೋಮದ ಒಳಗೇ ರಕ್ತ ಸೋರಿ ತುಂಬಿಕೊಂಡಿರುವುದೂ ಉಂಟು. ನಿಜವಾದ ರಕ್ತಗಡ್ಡೆ ಕೆಲವು ವಾರಗಳಲ್ಲಿ ಕರಗುತ್ತಾ ಬರಬೇಕು. ಹೇಳಿಕೊಳ್ಳುವಂಥ ಏಟು ಬಿದ್ದಿಲ್ಲ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿಲ್ಲ, ಮೈಮೇಲೆ ನೀಲಿ ಕಲೆ ಎದ್ದಿಲ್ಲ ಅಂದರೆ 'ರಕ್ತಗಡ್ಡೆ' ಅನ್ನುವ ಪದವನ್ನು ಸುಮ್ನೆ ನಂಬಬಾರದು. ಮತ್ತೆ ಯಾವಾಗ ಸ್ಕ್ಯಾನ್ ಮಾಡಬೇಕು ಅನ್ನುವುದು ಅದೇ ರಿಪೋರ್ಟಿನಲ್ಲಿ ಇರಬೇಕು.

ಇನ್ನು ಕೊಬ್ಬಿನ ಗಂಟಿನದ್ದೇ ಒಂದು ಸಿಕ್ಕು. ಚರ್ಮದ ಕೆಳಗಿನ ಮಾಮೂಲಿ ಲೈಪೋಮಕ್ಕೆ ಒಂದು ಚಹರೆ ಇದೆ. ಚರ್ಮಕ್ಕೆ ಸಮನಾಗಿ ಉದ್ದಕ್ಕೆ ಮಲಗಿರುತ್ತದೆ, ಒಳಗೆ ತೆಳ್ಳನೆ ಗೆರೆಗಳಿರುತ್ತವೆ, ಒತ್ತಿದರೆ ಅದುಮಿಕೊಳ್ಳುತ್ತದೆ, ರಕ್ತದ ಓಡಾಟ ಇಲ್ಲದಷ್ಟು ಕಡಿಮೆ. ಇಷ್ಟೂ ಕೂಡಿ ಬಂದರೆ ತಿಳಿದ ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವ ಡಾಕ್ಟರ್, ಪ್ರಶ್ನೆ ಗುರುತಿಲ್ಲದೆಯೇ ಲೈಪೋಮ ಎಂದು ಬರೆಯಬಹುದು. ಬರೆಯಲೂಬೇಕು. ಆದರೆ ಅದೇ ಕೊಬ್ಬಿನ ಗಂಟು ಮಾಂಸಖಂಡದ ಆಳದಲ್ಲಿ, ದೊಡ್ಡದಾಗಿ ಇದ್ದರೆ, ಲೈಪೋಮಕ್ಕೂ ಅದರ ಕೆಟ್ಟ ದಾಯಾದಿಯಾದ ಕೊಬ್ಬಿನ ಸಾರ್ಕೋಮಕ್ಕೂ ಇರುವ ವ್ಯತ್ಯಾಸ ಅಲ್ಟ್ರಾಸೌಂಡಿಗೆ ತಿಳಿಯುವುದಿಲ್ಲ. ಎಂಆರ್‌ಐಗೂ ಕೆಲವೊಮ್ಮೆ ತಿಳಿಯುವುದಿಲ್ಲ. ಕೊನೆಗೆ ಎಂಡಿಎಂ2 ಎಂಬ ಜೀನ್ ಲೆಕ್ಕಕ್ಕಿಂತ ಜಾಸ್ತಿ ಇದೆಯೇ ಎಂದು ಲ್ಯಾಬಿನಲ್ಲಿ ನೋಡಿ ಹೇಳಬೇಕಾಗುತ್ತದೆ.

ನಿಂಬೆಹಣ್ಣಿನ ಅಳತೆ

ಬ್ರಿಟನ್ನಿನಲ್ಲಿ ಈ ಸಮಸ್ಯೆಗೆ ಒಂದು ಪದ್ಧತಿ ಕಟ್ಟಲು ನೋಡಿದ್ದಾರೆ. ಅಲ್ಲಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ನೈಸ್ 2015ರಲ್ಲಿ ಒಂದು ನಿಯಮ ಹೊರಡಿಸಿತು. ದೊಡ್ಡವರಲ್ಲಿ ಕಾರಣ ತಿಳಿಯದ ಗಂಟು ಬೆಳೆಯುತ್ತಿದ್ದರೆ ಎರಡು ವಾರದೊಳಗೆ ಅಲ್ಟ್ರಾಸೌಂಡ್ ಆಗಬೇಕು. ಮಕ್ಕಳಲ್ಲಾದರೆ 48 ಗಂಟೆಯೊಳಗೆ. ನಿಯಮದ ಮುಂದಿನ ಭಾಗ ಇನ್ನೂ ಮುಖ್ಯ. ಸ್ಕ್ಯಾನ್ ಸಾರ್ಕೋಮದ ಅನುಮಾನ ತೋರಿಸಿದರೆ ಮಾತ್ರವಲ್ಲ, ಸ್ಕ್ಯಾನಿನಿಂದ ಖಚಿತವಾಗದೆ ಡಾಕ್ಟರಿಗೆ ಅನುಮಾನ ಉಳಿದಿದ್ದರೂ ಕ್ಯಾನ್ಸರ್ ತಜ್ಞರ ಕಡೆಗೆ ಕಳಿಸಬೇಕು. ಅಂದರೆ ಪ್ರಶ್ನೆ ಗುರುತಿಗೂ ಅಲ್ಲೊಂದು ದಾರಿ ಹಾಕಿಕೊಟ್ಟಿದ್ದಾರೆ. ನಮ್ಮಲ್ಲಿ ಅದು ದಾರಿ ತಪ್ಪುವುದು ಇಲ್ಲೇ.

ಯುರೋಪಿನ ಮೂಳೆ ಮತ್ತು ಸ್ನಾಯು ರೇಡಿಯಾಲಜಿ ಸಂಘವೂ 2015ರಲ್ಲಿ ಇಂಥದ್ದೇ ಮಾರ್ಗಸೂಚಿ ತಂದಿತು. ಗಂಟಿಗೆ ಮೊದಲ ಪರೀಕ್ಷೆಯಾಗಿ ಅಲ್ಟ್ರಾಸೌಂಡ್ ಸರಿ, ಖಚಿತವಾಗಿ ಅಪಾಯವಿಲ್ಲದ್ದು ಎಂದು ಹೇಳಲಾಗದಿದ್ದರೆ ಎಂಆರ್‌ಐ ಎನ್ನುವುದು ಅದರ ಸಾರ.

ಗಾತ್ರದ ವಿಷಯದಲ್ಲಿ ಬ್ರಿಟನ್ನಿನ ಸಾರ್ಕೋಮ ತಜ್ಞರು ಗಾಲ್ಫ್ ಚೆಂಡಿನ ಹೋಲಿಕೆ ಬಳಸಿದರು. ಗಾಲ್ಫ್ ಚೆಂಡು ಸುಮಾರು 4.3 ಸೆಂಟಿಮೀಟರ್. ಅದಕ್ಕಿಂತ ದೊಡ್ಡ ಗಂಟಿದ್ದರೆ ತೋರಿಸಿ ಎಂದು ಜನರಿಗೂ ಡಾಕ್ಟರುಗಳಿಗೂ ಹೇಳಿದರು. ನಮ್ಮ ಹಳ್ಳಿಗಳಲ್ಲಿ ಗಾಲ್ಫ್ ಚೆಂಡು ಯಾರು ನೋಡಿದ್ದಾರೆ? ಒಳ್ಳೆಯ ರಸಭರಿತ ನಿಂಬೆಹಣ್ಣು ಹೆಚ್ಚುಕಡಿಮೆ ಅದೇ ಗಾತ್ರ. ಗಂಟಿನ ಬಗ್ಗೆ ಮಾತಾಡುವಾಗ ನಾವು ಮೊದಲಿನಿಂದಲೂ ಹೇಳುವುದೂ ಹಾಗೇ ಅಲ್ವಾ, ಅಡಿಕೆಯಷ್ಟು, ನಿಂಬೆಹಣ್ಣಿನಷ್ಟು ಅಂತ. ಅಳತೆ ನಮ್ಮ ಬಾಯಲ್ಲೇ ಇದೆ. ನಿಂಬೆಹಣ್ಣು ದಾಟಿದ ಗಂಟು, ಬೆಳೆಯುತ್ತಿರುವ ಗಂಟು, ಆಳದಲ್ಲಿರುವ ಗಂಟು, ತೆಗೆದ ಮೇಲೆ ಮತ್ತೆ ಬಂದ ಗಂಟು. ಇವುಗಳಲ್ಲಿ ಒಂದಿದ್ದರೂ ಸ್ಕ್ಯಾನಿಲ್ಲದೆ ಚಾಕು ತಾಗಿಸಬಾರದು. ನೋವಿಲ್ಲ ಅನ್ನುವುದು ಸಮಾಧಾನದ ಮಾತೇ ಅಲ್ಲ. ಈ ಕ್ಯಾನ್ಸರಿನ ಎಷ್ಟೋ ಗಂಟುಗಳು ನೋಯುವುದಿಲ್ಲ. ಹಾಗೆಯೇ ನಿಂಬೆಹಣ್ಣಿಗಿಂತ ಚಿಕ್ಕದಾದ ಸಾರ್ಕೋಮವೂ ಇದೆ. ಚಿಕ್ಕದು ಅನ್ನುವುದು ಮರೆತುಬಿಡಲು ಕಾರಣ ಆಗಬಾರದು.

ಕೊನೆಯ ಸಾಲಿಗೆ ಒಂದು ಭಾಷೆ ಬೇಕು

ಸ್ತನದ ಗಂಟಿನ ವಿಷಯದಲ್ಲಿ ಈ ಕೆಲಸ ಆಗಿದೆ. ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 1993ರಲ್ಲಿ ಬೈ-ರ್‍ಯಾಡ್ಸ್ ಎಂಬ ವರದಿ ಪದ್ಧತಿ ತಂದಿತು. ಮೊದಲು ಸ್ತನದ ಎಕ್ಸ್‌ರೇ ಆದ ಮ್ಯಾಮೋಗ್ರಾಮಿಗೆ, 2003ರಿಂದ ಅಲ್ಟ್ರಾಸೌಂಡಿಗೂ. 2 ಅಂದರೆ ಅಪಾಯವಿಲ್ಲ. 3 ಅಂದರೆ ಕೆಲವು ತಿಂಗಳಲ್ಲಿ ಮತ್ತೆ ನೋಡಿ. 4 ಅಥವಾ 5 ಅಂದರೆ ಬಯಾಪ್ಸಿ ಮಾಡಿ. ಪ್ರತಿ ಅಂಕೆಯ ಬೆನ್ನಿಗೆ ಮುಂದೇನು ಮಾಡಬೇಕು ಅನ್ನುವುದು ಅಂಟಿಕೊಂಡೇ ಬರುತ್ತದೆ. ಕಲಬುರಗಿಯಲ್ಲಿ ಬರೆದ 4 ಅನ್ನು ಮಂಗಳೂರಿನಲ್ಲಿ ಓದಿದವರಿಗೂ ಅರ್ಥ ಒಂದೇ. ಅಂಕೆ ದಾರಿಯಲ್ಲಿ ಉದುರುವುದಿಲ್ಲ.

ಕೈಕಾಲಿನ ಗಂಟಿನ ಅಲ್ಟ್ರಾಸೌಂಡಿಗೆ ಎಲ್ಲರೂ ಒಪ್ಪಿ ಬಳಸುವ ಇಂಥ ಭಾಷೆ ಇನ್ನೂ ನೆಲೆಯೂರಿಲ್ಲ. ಅದು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಒಂದು ಪ್ರಶ್ನೆ ಗುರುತಿನ ಜಾಗದಲ್ಲಿ ಒಂದು ಪೂರ್ತಿ ವಾಕ್ಯ ಬರೆದರೆ ಸಾಕು. 'ಗಂಟು ಪೊರೆಯ ಕೆಳಗಿದೆ, 7 ಸೆಂಟಿಮೀಟರ್ ಇದೆ, ಲೈಪೋಮ ಎಂದು ಖಚಿತವಾಗಿ ಹೇಳಲು ಆಗುವುದಿಲ್ಲ, ಎಂಆರ್‌ಐ ಆಗದೆ ತೆಗೆಯಬೇಡಿ.' ಇಂಥ ಒಂದು ಸಾಲು ಓದಿದ ಮೇಲೂ ಅರ್ಧ ದಿನದಲ್ಲಿ ಗಂಟು ಸುಲಿಯುವ ಸರ್ಜನ್ ಇರಲಿಕ್ಕಿಲ್ಲ.

ರೇಡಿಯಾಲಜಿಸ್ಟ್ ಇಷ್ಟು ಬರೆಯಬೇಕಾದರೆ ಅವರಿಗೂ ನಾವು ಏನಾದರೂ ಕೊಡಬೇಕು. ಸ್ಕ್ಯಾನಿಗೆ ಕಳಿಸುವ ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು 'ತೊಡೆಯಲ್ಲಿ ಊತ' ಎಂಬ ಎರಡು ಪದ. ಎಷ್ಟು ದಿನದಿಂದ ಇದೆ, ಬೆಳೆಯುತ್ತಿದೆಯಾ, ಏಟು ಬಿದ್ದಿತ್ತಾ, ಮೊದಲು ತೆಗೆಸಿದ್ದಾ, ಬೇರೆ ಕ್ಯಾನ್ಸರ್ ಆಗಿತ್ತಾ ಅನ್ನುವುದು ಯಾವುದೂ ಇರುವುದಿಲ್ಲ. ಒಬ್ಬರಾದ ಮೇಲೆ ಒಬ್ಬರನ್ನು ನೋಡುತ್ತಿರುವ ರೇಡಿಯಾಲಜಿಸ್ಟಿಗೆ ಇದನ್ನೆಲ್ಲ ಕೇಳಲು ಪುರುಸೊತ್ತೂ ಇರುವುದಿಲ್ಲ. ಚೀಟಿಯಲ್ಲಿ ಬರೆದಿಲ್ಲ ಅಂದರೆ ನೀವೇ ಮಲಗುವ ಮುಂಚೆ ಹೇಳಿಬಿಡಿ. ಆರು ತಿಂಗಳ ಹಿಂದೆ ಅಡಿಕೆಯಷ್ಟಿತ್ತು, ಈಗ ಹೀಗಾಗಿದೆ ಅಂತ. ಆ ಒಂದು ಮಾತಿಗೆ ಪ್ರೋಬ್ ಹಿಡಿದ ಕೈ ನಿಧಾನ ಆಗುತ್ತದೆ.

ಸೂಜಿಯ ಭಯ

'ಸೂಜಿ ಚುಚ್ಚಿದರೆ ಹರಡುತ್ತೆ.' ನಮ್ಮ ಮನೆಯಲ್ಲೂ ಈ ಮಾತು ಬಂತು. ದೊಡ್ಡಮ್ಮ ಬಯಾಪ್ಸಿ ಬೇಡವೇ ಬೇಡ ಎಂದು ಕೂತುಬಿಟ್ಟರು. ಈ ಭಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರಿನ ಜೀವಕೋಶ ಉಳಿಯಬಹುದು ಅನ್ನುವುದು ಡಾಕ್ಟರುಗಳಿಗೂ ಗೊತ್ತು. ಹಾಗಾಗುವುದು ಅಪರೂಪ. ಆದರೂ ಸಾರ್ಕೋಮ ಕೇಂದ್ರಗಳಲ್ಲಿ ಮುಂದೆ ಆಪರೇಷನ್ ಮಾಡುವ ಸರ್ಜನ್ ಜೊತೆ ಮಾತಾಡಿ, ಅವರು ಕೊಯ್ಯುವ ಗೆರೆಯ ಮೇಲೆಯೇ ಸೂಜಿ ಹಾಕುತ್ತಾರೆ. ಆಮೇಲೆ ಆ ದಾರಿಯೂ ಗಂಟಿನ ಜೊತೆಗೇ ತೆಗೆದುಹೋಗುತ್ತದೆ. ದೊಡ್ಡಮ್ಮನಿಗೆ ಇದನ್ನು ಬಿಡಿಸಿ ಹೇಳಿದಾಗ ಒಪ್ಪಿದರು. ಗಂಟನ್ನು ಏನೆಂದು ತಿಳಿಯದೆ ಸುಲಿದು ತೆಗೆದಾಗ ಹರಡುವುದಕ್ಕೆ ಹೋಲಿಸಿದರೆ ಸೂಜಿಯದ್ದು ಏನೇನೂ ಅಲ್ಲ.

ಇಲ್ಲಿ ಅಲ್ಟ್ರಾಸೌಂಡಿನ ಎರಡನೇ ಉಪಯೋಗ ಶುರುವಾಗುತ್ತದೆ. ದೊಡ್ಡ ಸಾರ್ಕೋಮದ ನಡುವೆ ಸತ್ತ ಭಾಗ ಇರುತ್ತದೆ. ಕೈ ಅಂದಾಜಿನಲ್ಲಿ ಚುಚ್ಚಿದರೆ ಸೂಜಿಗೆ ಆ ಸತ್ತ ಭಾಗವೇ ಸಿಕ್ಕಿ, 'ಕ್ಯಾನ್ಸರ್ ಕಾಣಲಿಲ್ಲ' ಎಂದು ಬರಬಹುದು. ಪರದೆ ನೋಡುತ್ತಾ, ಡಾಪ್ಲರಿನಲ್ಲಿ ರಕ್ತ ಓಡುತ್ತಿರುವ ಜೀವಂತ ಭಾಗಕ್ಕೇ ಸೂಜಿ ಹಾಕಬಹುದು. ನಮ್ಮ ಊರುಗಳಲ್ಲಿ ಜಾಸ್ತಿ ಮಾಡುವುದು ಸಣ್ಣ ಸೂಜಿಯ ಎಫ್‌ಎನ್‌ಎಸಿ. ಅದು ಅಗ್ಗ, ಬೇಗ ಆಗುತ್ತದೆ. ಆದರೆ ಅದರಲ್ಲಿ ಬಿಡಿಬಿಡಿ ಜೀವಕೋಶ ಮಾತ್ರ ಸಿಗುತ್ತವೆ. 50 ಬಗೆಗಳಲ್ಲಿ ಯಾವುದು ಎಂದು ಹೇಳಲು ಎಳೆಯಂಥ ತುಂಡು ಬೇಕು. ಅದಕ್ಕೆ ದಪ್ಪ ಸೂಜಿಯ ಕೋರ್ ಬಯಾಪ್ಸಿ ಆಗಬೇಕು. ಎಫ್‌ಎನ್‌ಎಸಿಯಲ್ಲಿ ಏನೂ ಬರಲಿಲ್ಲ ಅನ್ನುವುದನ್ನು ಏನೂ ಇಲ್ಲ ಎಂದು ಓದಿಕೊಳ್ಳಬಾರದು.

ನಮ್ಮ ಕಾನೂನು, ನಮ್ಮ ದೂರ

ಭಾರತದಲ್ಲಿ ಅಲ್ಟ್ರಾಸೌಂಡ್ ಮಾತಾಡುವಾಗ ಒಂದು ಕಾನೂನನ್ನು ಬಿಟ್ಟು ಮಾತಾಡಲು ಆಗುವುದಿಲ್ಲ. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಪಿಸಿಪಿಎನ್‌ಡಿಟಿ ಕಾಯಿದೆ ಬಂತು. ಪ್ರತಿ ಮಿಷನ್ ನೋಂದಣಿ ಆಗಬೇಕು. ಯಾರು ಬಳಸಬಹುದು, ಎಲ್ಲಿ ಇಡಬಹುದು ಎಂಬುದಕ್ಕೆಲ್ಲ ಕಟ್ಟುಪಾಡು ಇದೆ. ಕೈಯಲ್ಲಿ ಹಿಡಿದು ಓಡಾಡುವ ಪುಟ್ಟ ಮಿಷನ್ನಿಗೂ ಇದೇ ಬಿಗಿ. ಹೊರದೇಶದಲ್ಲಿ ಊರಿನ ಡಾಕ್ಟರ್ ಜೇಬಿನಿಂದ ಪ್ರೋಬ್ ತೆಗೆದು ನೋಡಬಹುದು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಅಷ್ಟು ಸುಲಭವಲ್ಲ. ಈ ಬಿಗಿ ಬೇಡ ಎಂದು ನಾನು ಹೇಳಲಾರೆ. ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಿಷನ್ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ 2023ರಲ್ಲಿ ಹೊರಬಿದ್ದದ್ದು ನಮ್ಮ ರಾಜ್ಯದಲ್ಲೇ. ಕಾನೂನು ಇರಬೇಕು. ಅದರ ಒಳಗೇ ದಾರಿ ಹುಡುಕಬೇಕು.

ನನಗೆ ಕಾಣುವ ದಾರಿ ಇದು. ಜಿಲ್ಲಾ ಆಸ್ಪತ್ರೆಗಳಲ್ಲಿ ಈಗಾಗಲೇ ನೋಂದಣಿಯಾದ ಮಿಷನ್ ಇದೆ. ದಿನದ ಬಹುಪಾಲು ಹೊತ್ತು ಬಸುರಿಯರ ಸ್ಕ್ಯಾನಿಂಗಿಗೇ ಹೋಗುತ್ತದೆ, ಹೋಗಲೂಬೇಕು. ವಾರದಲ್ಲಿ ಒಂದು ಮಧ್ಯಾಹ್ನ ಗಂಟುಗಳಿಗೆಂದೇ ಮೀಸಲಿಟ್ಟು, ಆವತ್ತು ಸರ್ಜನ್ನೂ ಪಕ್ಕದಲ್ಲಿರುವ ಹಾಗೆ ಮಾಡಬಹುದು. ಒಂದೇ ಕೈಗೆ ಜಾಸ್ತಿ ಗಂಟು ಸಿಕ್ಕಷ್ಟೂ ಆ ಕೈ ಪಳಗುತ್ತದೆ. ಅನುಮಾನದ ಗಂಟಿನ ಚಿತ್ರಗಳು, ಸಾಧ್ಯವಾದರೆ ಚಿಕ್ಕ ವಿಡಿಯೋ ಕೂಡ, ಕಿದ್ವಾಯಿಯಂಥ ಕಡೆಗೆ ಹೋಗಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಇದೆ, ಕಲಬುರಗಿಯಲ್ಲೂ ಅದರ ಕೇಂದ್ರ ಇದೆ. ದೇಶದ ಕ್ಯಾನ್ಸರ್ ಆಸ್ಪತ್ರೆಗಳನ್ನು ಜೋಡಿಸುವ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ 2012ರಿಂದ ಕೆಲಸ ಮಾಡುತ್ತಿದೆ. ಬೀದರಿನವರೋ ಕಾರವಾರದವರೋ ಮಗನ ಮೋರೆ ನೋಡಿಕೊಂಡು, ಎಂಆರ್‌ಐಗೆ ಹಲವು ಸಾವಿರ ಹೊಂದಿಸಿಕೊಂಡು, ರಾತ್ರಿ ಬಸ್ಸು ಹತ್ತುವ ಮೊದಲೇ ಆ ಪ್ರಯಾಣ ಬೇಕೋ ಬೇಡವೋ ಅನ್ನುವುದು ಚಿತ್ರ ನೋಡಿ ತೀರ್ಮಾನ ಆಗಬೇಕು. ಬೇಡ ಎಂದು ಗೊತ್ತಾದರೆ ಅದೂ ದೊಡ್ಡ ಉಪಕಾರ. ಹೆಚ್ಚಿನವರಿಗೆ ಬೇಕಾಗಿಯೂ ಇರುವುದಿಲ್ಲ.

ಹೊಸ ತಂತ್ರಗಳ ಬಗ್ಗೆ ಹೇಳುವುದಾದರೆ, ಗಂಟಿನ ಗಡಸುತನ ಅಳೆಯುವ ಇಲಾಸ್ಟೋಗ್ರಫಿ ಬಂದಿದೆ. ಕ್ಯಾನ್ಸರ್ ಗಟ್ಟಿ, ಉಳಿದದ್ದು ಮೆದು ಎಂಬ ನಂಬಿಕೆ ಸ್ತನದಲ್ಲಿ ಒಂದಷ್ಟು ನಡೆಯುತ್ತದೆ. ಇಲ್ಲಿ ಲೋಳೆ ತುಂಬಿದ ಸಾರ್ಕೋಮ ಮೆದುವಾಗಿರುತ್ತದೆ, ಅಪಾಯವಿಲ್ಲದ ನಾರುಗಂಟು ಕಲ್ಲಿನಂತಿರುತ್ತದೆ. ಒಂಟಿಯಾಗಿ ಅದನ್ನು ನಂಬಿ ಕೂರಲು ಆಗುವುದಿಲ್ಲ. ಕೃತಕ ಬುದ್ಧಿಮತ್ತೆಯ ಮೇಲೂ ಆಸೆ ಇದೆ. ಆದರೆ ಅದು ಕಲಿಯಲು ಸಾವಿರಾರು ಚಿತ್ರ ಬೇಕು. 50 ಬಗೆಯ ಅಪರೂಪದ ಕಾಯಿಲೆಗೆ, ಬೇರೆಬೇರೆ ಮಿಷನ್ನಿನಲ್ಲಿ, ಬೇರೆಬೇರೆ ಕೈ ತೆಗೆದ ಚಿತ್ರಗಳನ್ನು ಎಲ್ಲಿಂದ ತರುವುದು? ಬಯಾಪ್ಸಿಯ ಉತ್ತರದ ಜೊತೆ ಪ್ರತಿ ಚಿತ್ರವನ್ನೂ ಜೋಡಿಸಿ ಇಡುವ ಕೆಲಸ ಮೊದಲು ಆಗಬೇಕು. ತೆಗೆದ ಗಂಟು ಲ್ಯಾಬಿಗೇ ಹೋಗದ ಕಡೆ ಯಾವ ಕಂಪ್ಯೂಟರಿಗೂ ಏನನ್ನೂ ಕಲಿಸಲು ಆಗುವುದಿಲ್ಲ. ರೇಡಿಯಾಲಜಿಸ್ಟಿಗೂ ತಾನು ಬರೆದ ಲೈಪೋಮ ನಿಜವಾಗಿಯೂ ಲೈಪೋಮವೇ ಆಗಿತ್ತಾ ಅನ್ನುವುದು ಎಂದೂ ತಿಳಿಯುವುದಿಲ್ಲ. ಮಾವನ ಗಂಟನ್ನು ಮೊದಲು ಸ್ಕ್ಯಾನ್ ಮಾಡಿದವರಿಗೆ ಇವತ್ತಿಗೂ ವಿಷಯ ಗೊತ್ತಿರಲಿಕ್ಕಿಲ್ಲ. ಅವರಿಗೆ ತಿಳಿಸಬೇಕಿತ್ತು. ಜಗಳಕ್ಕಲ್ಲ, ಮುಂದಿನ ಗಂಟಿಗೆ.

ಮಾವನ ಎರಡನೇ ಆಪರೇಷನ್ ದೊಡ್ಡದಾಗಿತ್ತು. ರೇಡಿಯೇಷನ್ನೂ ಆಯಿತು. ಕಾಲು ಉಳಿಯಿತು, ತೊಡೆಯ ಒಂದು ಭಾಗದ ಮಾಂಸ ಹೋಯಿತು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾರೆ. ಈಗ ಕೆಲವು ತಿಂಗಳಿಗೊಮ್ಮೆ ಎದೆಯ ಚಿತ್ರ, ಗಾಯದ ಜಾಗಕ್ಕೆ ಸ್ಕ್ಯಾನಿಂಗ್ ನಡೆಯುತ್ತದೆ. ರಿಪೋರ್ಟ್ ಕೈಗೆ ಬಂದ ಕೂಡಲೇ ಕನ್ನಡಕ ಹಾಕಿಕೊಂಡು ಕೊನೆಯ ಸಾಲಿಗೇ ಹೋಗುತ್ತಾರೆ. ಇಂಗ್ಲಿಷ್ ಅವರಿಗೆ ಅಷ್ಟಾಗಿ ಬರುವುದಿಲ್ಲ. ಬೆರಳಿಟ್ಟು ಆ ಸಾಲಿನುದ್ದಕ್ಕೂ ಹುಡುಕಿ ಹಾಳೆಯನ್ನು ನನ್ನ ಕಡೆ ಚಾಚುತ್ತಾರೆ. 'ಪ್ರಶ್ನೆ ಗುರುತು ಇದೆಯಾ ನೋಡು ಮಗಾ.'